ಬೇರಿಂಗಿನ ಆಯುಸ್ಸು, ಬೆಲ್ಟಿನ ಬಿಗಿತ

ಹಲ್ಲುಗಳುಳ್ಳ ಕಟ್ಟರನ್ನು ತಿರುಗಿಸಿ ಲೋಹವನ್ನು ತರಿಯುವ ಯಂತ್ರಕ್ಕೆ ಮಿಲ್ಲಿಂಗ್ ಯಂತ್ರವೆಂದು ಹೆಸರು. 1938ರಲ್ಲಿ ಅಮೆರಿಕದ ಬ್ರಿಡ್ಜ್‌ಪೋರ್ಟ್ ನಗರದಲ್ಲಿ ಹುಟ್ಟಿ ಲೋಕಪ್ರಸಿದ್ಧವಾದ ಮಾದರಿಯನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಅದರ ನೆತ್ತಿಯ ಮೇಲೆ ವಿದ್ಯುತ್ ಮೋಟಾರು ನೆಟ್ಟಗೆ ನಿಂತಿರುತ್ತದೆ. ಮೋಟಾರಿನ ರಾಟೆಯಿಂದ ಕಟ್ಟರನ್ನು ಹಿಡಿದಿರುವ ಸ್ಪಿಂಡಲ್ಲಿಗೆ ಬೆಲ್ಟೊಂದು ಚಲನೆಯನ್ನು ಒಯ್ಯುತ್ತದೆ.

ಇಂಥ ಯಂತ್ರವು ವರ್ಷಗಳ ದುಡಿಮೆಯ ಬಳಿಕ ಗೊರಗೊರನೆ ಸದ್ದುಮಾಡತೊಡಗಿದರೆ ದೋಷವೆಲ್ಲಿದೆ ಎಂದು ತಿಳಿಯುವುದು ಹೇಗೆ? ಔಷಧಕ್ಕೆ ಮೊದಲು ರೋಗನಿದಾನವಾಗಬೇಕು. ಬೆಲ್ಟನ್ನು ಕಳಚಿ, ಮೋಟಾರನ್ನು ಮಾತ್ರ ಓಡಿಸಿ ನೋಡೋಣ. ಸದ್ದು ನಿಂತರೆ ದೋಷವು ಬೆಲ್ಟಿನಲ್ಲಿಯೋ ಸ್ಪಿಂಡಲ್ಲಿನಲ್ಲಿಯೋ ಇರಬೇಕು; ಉಳಿದರೆ ಮೋಟಾರಿನ ಬೇರಿಂಗುಗಳನ್ನೇ ಸಂಶಯಿಸಬೇಕು. ಬೆಲ್ಟಿಗೆ ಕೈಹಾಕುವ ಮುನ್ನ ಮುಖ್ಯ ಸ್ವಿಚ್ಚನ್ನು ಆರಿಸಿ, ಫ್ಯೂಸನ್ನು ಕಿತ್ತು ನಮ್ಮ ಬಳಿಯೇ ಇಟ್ಟುಕೊಳ್ಳುವುದನ್ನು ಮರೆಯಬಾರದು. ಬೆರಳು ಹೋದರೆ ಮತ್ತೆ ಬಾರದು.

ಬೇರಿಂಗಿನಲ್ಲಿ ಒಳ ಉಂಗುರ, ಹೊರ ಉಂಗುರ, ಅವುಗಳ ನಡುವೆ ಉರುಳುವ ಉಕ್ಕಿನ ಗುಂಡುಗಳು ಇರುತ್ತವೆ. ಅದರ ಮೇಲೆ ಕೊರೆದಿರುವ ಸಂಖ್ಯೆಯೇ ಅದರ ಪರಿಚಯಪತ್ರ. ಸಂಖ್ಯೆಯು 6205 ಎಂದಿದ್ದರೆ, ಕೊನೆಯ ಎರಡು ಅಂಕಿಗಳನ್ನು 5ರಿಂದ ಗುಣಿಸೋಣ. ಒಳರಂಧ್ರದ ವ್ಯಾಸ 25 ಮಿ.ಮೀ. ಎಂದು ತಿಳಿಯುತ್ತದೆ. ಹಳೆಯ ಬೇರಿಂಗನ್ನು ಪುಲ್ಲರಿನಿಂದ ಎಳೆದು ತೆಗೆದು, ಅದೇ ಸಂಖ್ಯೆಯ ಹೊಸದನ್ನು ತರಬೇಕು.

ಅನೇಕ ಬೇರಿಂಗುಗಳು ಓಡಿ ಸವೆಯುವುದಕ್ಕೆ ಮೊದಲೇ ಜೋಡಿಸುವವರ ಕೈಯಲ್ಲಿ ಕೆಡುತ್ತವೆ. ಶಾಫ್ಟನ್ನು ಬಿಗಿಯಾಗಿ ಹಿಡಿಯುವುದು ಒಳ ಉಂಗುರ. ಹೊರ ಉಂಗುರದ ಮೇಲೆ ಸುತ್ತಿಗೆಯಿಂದ ಹೊಡೆದರೆ ಆ ಪೆಟ್ಟು ಗುಂಡುಗಳ ಮೂಲಕವೇ ಒಳಕ್ಕೆ ಸಾಗಬೇಕು. ಗುಂಡು ತನ್ನ ಹಾದಿಯನ್ನು ಮುಟ್ಟುವುದು ಬಿಂದುವಿನಷ್ಟು ಜಾಗದಲ್ಲಿ. ಆದುದರಿಂದ ಹಾದಿಯಲ್ಲಿ ಕುಳಿ ಬೀಳುತ್ತದೆ, ಹೊಸ ಬೇರಿಂಗು ಮೊದಲ ದಿನವೇ ಸದ್ದುಮಾಡುತ್ತದೆ. ಬಲವನ್ನು ಒಳ ಉಂಗುರದ ಮೇಲೆಯೇ, ಕೊಳವೆಯೊಂದನ್ನಿಟ್ಟು, ಸಮನಾಗಿ ಪ್ರಯೋಗಿಸಬೇಕು.

ಇನ್ನೂ ಸುಲಭವಾದ ಉಪಾಯವುಂಟು. ಉಕ್ಕು ಪ್ರತಿ ಸೆಂಟಿಗ್ರೇಡ್ ಡಿಗ್ರಿಗೆ ತನ್ನ ಅಳತೆಯ ಸುಮಾರು 0.000012 ಭಾಗ ಹಿಗ್ಗುತ್ತದೆ. 25 ಮಿ.ಮೀ. ರಂಧ್ರವು 60 ಡಿಗ್ರಿ ಹೆಚ್ಚು ಬಿಸಿಯಾದರೆ 0.018 ಮಿ.ಮೀ. ಅಗಲವಾಗುವುದು. ಕೂದಲೆಳೆಗಿಂತ ಕಿರಿದಾದ ಈ ಹಿಗ್ಗುವಿಕೆಯಿಂದಲೇ ಬೇರಿಂಗು ಶಾಫ್ಟಿನ ಮೇಲೆ ಸಲೀಸಾಗಿ ಜಾರುತ್ತದೆ. ಆದರೆ ಬೆಂಕಿಯ ಜ್ವಾಲೆಯನ್ನು ನೇರವಾಗಿ ತೋರಿಸಬಾರದು.

ಇನ್ನು ಬೆಲ್ಟು. ಇದರ ಅಡ್ಡಕೊಯ್ತ ಬೆಣೆಯ ಆಕಾರದ್ದು. ರಾಟೆಯ ತೋಡಿನ ಎರಡು ಪಕ್ಕಗಳನ್ನು ಒತ್ತಿ ಹಿಡಿಯುವುದರಿಂದ ಇದರ ಹಿಡಿತ ಚಪ್ಪಟೆ ಬೆಲ್ಟಿನ ಹಿಡಿತಕ್ಕಿಂತ ಸುಮಾರು ಮೂರರಷ್ಟಿರುತ್ತದೆ. ಬೆಲ್ಟು ಸವೆದು ತೋಡಿನ ತಳವನ್ನು ಮುಟ್ಟಿದರೆ ಈ ಲಾಭ ಹೋಗಿ ಬೆಲ್ಟು ಜಾರತೊಡಗುತ್ತದೆ. ಆಗ ಅದನ್ನು ಬದಲಿಸಲೇಬೇಕು.

ಹೊಸ ಬೆಲ್ಟನ್ನು ಎಷ್ಟು ಬಿಗಿಯಬೇಕು? ರಾಟೆಗಳ ನಡುವಣ ಪ್ರತಿ 100 ಮಿ.ಮೀ. ಉದ್ದಕ್ಕೆ ಸುಮಾರು 1.6 ಮಿ.ಮೀ. ಬಾಗಬೇಕು, ತಯಾರಕರು ಸೂಚಿಸಿದ ಬಲದಿಂದ ನಟ್ಟನಡುವೆ ಒತ್ತಿ ಇದನ್ನು ಅಳೆಯಬೇಕು. ಜಾರದಿರಲೆಂದು ಇದಕ್ಕಿಂತ ಬಿಗಿದರೆ ಆ ಸೆಳೆತವೆಲ್ಲ ಬೇರಿಂಗಿನ ಮೇಲೆ ಬೀಳುತ್ತದೆ. ಗುಂಡು ಬೇರಿಂಗಿನ ಆಯುಸ್ಸು ಭಾರದ ಘನಕ್ಕೆ ವಿಲೋಮವಾಗಿರುವುದು. ಭಾರ ಇಮ್ಮಡಿಯಾದರೆ ಆಯುಸ್ಸು ಎಂಟರಲ್ಲೊಂದು ಪಾಲು!

ಭಾರವು ಒಂದೂವರೆಯಷ್ಟಾದರೆ? ವಿದ್ಯಾರ್ಥಿಗಳು ತಾವೇ ಗುಣಿಸಿ ನೋಡಲಿ. ಉತ್ತರ 8/27, ಎಂದರೆ ಮೂರರಲ್ಲೊಂದು ಪಾಲಿಗಿಂತಲೂ ಕಡಿಮೆ. ಸ್ಪ್ಯಾನರನ್ನು ಇನ್ನೊಂದು ಸುತ್ತು ತಿರುಗಿಸುವ ಮುನ್ನ ಈ ಲೆಕ್ಕವನ್ನು ನಾವು ನೆನೆಯುವುದು ಒಳ್ಳೆಯದು.