ಬಗೆಬಗೆಯ ಸರ್ವರ್‌ಗಳಿಗೆ ಓಎಸ್ ಹಾಕುವಾಗ ಕಲಿತದ್ದು

ಒಂದೇ ಮಾದರಿಯ ಯಂತ್ರಗಳು ಸಾಲಾಗಿ ಬಂದರೆ ಓಎಸ್ ಇನ್‌ಸ್ಟಾಲ್ ಮಾಡುವುದು ಕಷ್ಟವೇ ಅಲ್ಲ. ಆದರೆ ವರ್ಷಗಳ ಕಾಲ ಬೆಳೆದ ಡೇಟಾ ಸೆಂಟರಿನಲ್ಲಿ ಒಂದೊಂದು ರ‍್ಯಾಕಿನದೂ ಒಂದೊಂದು ಬಗೆ. ಈ ಕೆಲಸದಲ್ಲಿರುವ ಕಿರಿಯ ಗೆಳೆಯರಿಗಾಗಿ ಈ ಪಾಠಗಳನ್ನು ಬರೆಯುತ್ತಿದ್ದೇನೆ.

1. ಸ್ಕ್ರಿಪ್ಟ್ ಬರೆಯುವ ಮೊದಲು ಪಟ್ಟಿ ಮಾಡಿ. ಯಾವ ಯಂತ್ರ, ಯಾವ ಮ್ಯಾಕ್ ವಿಳಾಸ, ಯಾವ ಕೆಲಸಕ್ಕೆ ಎಂಬುದೆಲ್ಲ ಒಂದೇ ಕಡೆ ಇರಲಿ. ಗುರುತಿಗೆ ಸೀರಿಯಲ್ ನಂಬರನ್ನೇ ನೆಚ್ಚಬೇಡಿ. ಕೆಲವು ಮದರ್‌ಬೋರ್ಡ್‌ಗಳಲ್ಲಿ ಆ ಜಾಗ ಖಾಲಿ ಇರುತ್ತದೆ, ಇಲ್ಲವೇ ಹತ್ತು ಯಂತ್ರಗಳಲ್ಲಿ ಒಂದೇ ಅರ್ಥವಿಲ್ಲದ ಬರಹ ಇರುತ್ತದೆ.

2. ಯಂತ್ರಕ್ಕೊಂದು ಕಿಕ್‌ಸ್ಟಾರ್ಟ್ ಫೈಲ್ ಬರೆಯಲು ಹೋಗಬೇಡಿ. ಆರು ತಿಂಗಳಲ್ಲಿ ಯಾವುದು ಹಳೆಯದು, ಯಾವುದು ಹೊಸದು ಎಂದು ಯಾರಿಗೂ ಗೊತ್ತಾಗುವುದಿಲ್ಲ. ಕಲೋನ್ ವಿಶ್ವವಿದ್ಯಾಲಯದಲ್ಲಿ ಥಾಮಸ್ ಲಾಂಗೆ 1999ರಲ್ಲಿ ಆರಂಭಿಸಿದ ಎಫ್ಎಐ ಎಂಬ ಸಾಧನ ಇದಕ್ಕೆ ಒಳ್ಳೆಯ ದಾರಿ ತೋರಿಸಿತು. ಅದರಲ್ಲಿ ಪ್ರತಿ ಯಂತ್ರವೂ ಕೆಲವು ವರ್ಗಗಳಿಗೆ ಸೇರುತ್ತದೆ: ‘ಡೇಟಾಬೇಸ್’, ‘ಎರಡು ಡಿಸ್ಕ್’, ‘ಯುಇಎಫ್‌ಐ’ ಹೀಗೆ. ವರ್ಗಗಳನ್ನು ಕೂಡಿಸಿದರೆ ಆ ಯಂತ್ರದ ಇನ್‌ಸ್ಟಾಲ್ ಸಿದ್ಧ. ನೀವು ಬಳಸುವುದು ಕಿಕ್‌ಸ್ಟಾರ್ಟ್ ಇರಲಿ, ಉಬುಂಟುವಿನ ಆಟೋಇನ್‌ಸ್ಟಾಲ್ ಇರಲಿ, ಈ ವಿಚಾರವನ್ನು ಮಾತ್ರ ಬಿಡಬೇಡಿ. ನನಗೆ ಇದಕ್ಕಿಂತ ದೊಡ್ಡ ಪಾಠ ಬೇರೆ ಸಿಕ್ಕಿಲ್ಲ.

3. ಡಿಸ್ಕಿನ ವಿಷಯದಲ್ಲಿ ಹೆದರಿಕೆ ಇರಲೇಬೇಕು. ‘ಎಸ್‌ಡಿಎ’ ಎಂಬ ಹೆಸರು ಯಾವ ಡಿಸ್ಕ್ ಮೊದಲು ಕಂಡಿತು ಎಂಬುದನ್ನಷ್ಟೇ ಹೇಳುತ್ತದೆ. ರೇಯ್ಡ್ ಕಾರ್ಡ್ ಇರುವ ಯಂತ್ರದಲ್ಲಿ, ಯುಎಸ್‌ಬಿ ಸಿಕ್ಕಿಸಿದ ಯಂತ್ರದಲ್ಲಿ ಅದು ಬೇರೊಂದು ಡಿಸ್ಕ್ ಆಗಬಹುದು. ಹೊರಗಿನ ಸ್ಟೋರೇಜಿಗೆ ಫೈಬರ್ ಕೇಬಲ್ ಕೂಡಿಸಿದ್ದರಂತೂ ಇನ್‌ಸ್ಟಾಲರ್ ಕಣ್ಣಿಗೆ ಅಲ್ಲಿನ ಡೇಟಾ ಡಿಸ್ಕುಗಳೂ ಬೀಳುತ್ತವೆ. ಎಲ್ಲವನ್ನೂ ಅಳಿಸು ಎಂಬ ಒಂದು ಸಾಲು ಸಾಕು, ಬೇರೆಯವರ ವರ್ಷಗಳ ದುಡಿಮೆ ಹೋಗುತ್ತದೆ. ಆದ್ದರಿಂದ ಇನ್‌ಸ್ಟಾಲ್ ಶುರುವಾಗುವ ಮುನ್ನ ಓಡುವ ‘ಪ್ರಿ’ ಸ್ಕ್ರಿಪ್ಟಿನಲ್ಲಿ ಡಿಸ್ಕಿನ ಗಾತ್ರ, ಮಾದರಿ, ಡಬ್ಲ್ಯುಡಬ್ಲ್ಯುಎನ್ ನೋಡಿ ಆರಿಸಿ, ಉಳಿದವನ್ನು ಮುಟ್ಟಬೇಡ ಎಂದು ಸ್ಪಷ್ಟವಾಗಿ ಹೇಳಿ. ನಿಯಮಕ್ಕೆ ಹೊಂದುವ ಡಿಸ್ಕ್ ಒಂದೂ ಸಿಗದಿದ್ದರೆ, ಅಥವಾ ಬೇಕಾದ್ದಕ್ಕಿಂತ ಹೆಚ್ಚು ಸಿಕ್ಕರೆ, ಇನ್‌ಸ್ಟಾಲ್ ಅಲ್ಲೇ ನಿಲ್ಲಲಿ. ಊಹೆ ಮಾಡಿ ಮುಂದೆ ಹೋಗುವ ಸ್ಕ್ರಿಪ್ಟಿಗಿಂತ ನಿಂತುಬಿಡುವ ಸ್ಕ್ರಿಪ್ಟ್ ಎಷ್ಟೋ ಮೇಲು.

4. ಯಂತ್ರ ನೆಟ್‌ವರ್ಕಿನಿಂದ ಬೂಟ್ ಆಗದಿದ್ದರೆ ಸ್ವಿಚ್ ಕಡೆಯೂ ನೋಡಿ. ಹಳೆಯ ಸ್ಪ್ಯಾನಿಂಗ್ ಟ್ರೀ ಕ್ರಮದಲ್ಲಿ ಲಿಂಕ್ ಬಂದ ಮೇಲೆ ಪೋರ್ಟ್ ತೆರೆಯಲು 30 ಸೆಕೆಂಡ್ ಹಿಡಿಯುತ್ತದೆ. ಅಷ್ಟರಲ್ಲಿ ಎಷ್ಟೋ ನೆಟ್‌ವರ್ಕ್ ಕಾರ್ಡ್‌ಗಳು ಡಿಎಚ್‌ಸಿಪಿ ಉತ್ತರಕ್ಕೆ ಕಾಯುವುದನ್ನು ಬಿಟ್ಟಿರುತ್ತವೆ. ಸರ್ವರ್ ಕೂಡಿಸಿದ ಪೋರ್ಟ್‌ಗಳಲ್ಲಿ ಪೋರ್ಟ್‌ಫಾಸ್ಟ್ ಹಾಕಿಸಿ. ಹಳೆಯ ಬಯಾಸ್ ಮತ್ತು ಯುಇಎಫ್‌ಐ ಯಂತ್ರಗಳಿಗೆ ಬೇರೆಬೇರೆ ಬೂಟ್ ಫೈಲ್ ಬೇಕು. ಡಿಎಚ್‌ಸಿಪಿಯ 93ನೇ ಆಯ್ಕೆಯಲ್ಲಿ ಯಂತ್ರವೇ ತನ್ನ ಬಗೆ ಹೇಳುತ್ತದೆ: 0 ಎಂದರೆ ಬಯಾಸ್, 7 ಎಂದರೆ 64 ಬಿಟ್ ಯುಇಎಫ್‌ಐ. ಅದನ್ನು ನೋಡಿ ಫೈಲ್ ಕೊಡಿ.

5. ಟಿಎಫ್‌ಟಿಪಿಯಿಂದ ಚಿಕ್ಕ ಬೂಟ್ ಲೋಡರ್ ಮಾತ್ರ ಕಳಿಸಿ. ಮೂಲ ಕ್ರಮದಲ್ಲಿ ಅದು 512 ಬೈಟ್ ಕಳಿಸಿ, ಉತ್ತರ ಬರುವ ತನಕ ಕಾಯುತ್ತದೆ. ಉಳಿದದ್ದನ್ನು ಐಪಿಎಕ್ಸ್ಇ ಮೂಲಕ ಎಚ್‌ಟಿಟಿಪಿಯಲ್ಲಿ ತರಿಸಿ.

6. ಇನ್‌ಸ್ಟಾಲ್ ಮುಗಿದ ಯಂತ್ರ ಮತ್ತೆ ನೆಟ್‌ವರ್ಕಿನಿಂದಲೇ ಬೂಟ್ ಆದರೆ, ಮತ್ತೆ ತನ್ನನ್ನೇ ಅಳಿಸಿಕೊಳ್ಳುತ್ತದೆ. ಕೊನೆಯ ಹಂತದಲ್ಲಿ ಯಂತ್ರ ಬೂಟ್ ಸರ್ವರಿಗೆ ‘ಮುಗಿಯಿತು’ ಎಂದು ತಿಳಿಸಲಿ, ಪಟ್ಟಿಯಲ್ಲಿ ಅದರ ಗುರುತು ಬದಲಾಗಲಿ. ಯಾರಾದರೂ ಮತ್ತೆ ಇನ್‌ಸ್ಟಾಲ್ ಮಾಡಲು ಕೇಳದ ಹೊರತು ಬೂಟ್ ಸರ್ವರಿನ ಉತ್ತರ ಯಾವಾಗಲೂ ‘ಸ್ವಂತ ಡಿಸ್ಕಿನಿಂದ ಬೂಟ್ ಆಗು’ ಎಂದೇ ಇರಬೇಕು.

7. ತಯಾರಾದ ಇಮೇಜನ್ನು ನಕಲು ಮಾಡುವವರು ಎಸ್ಎಸ್ಎಚ್ ಹೋಸ್ಟ್ ಕೀ, ಮಷಿನ್ ಐಡಿ ಎರಡನ್ನೂ ಮೊದಲು ತೆಗೆದುಹಾಕಿ. ಇಲ್ಲದಿದ್ದರೆ ಎಲ್ಲ ಸರ್ವರ್‌ಗಳೂ ಒಂದೇ ಗುರುತು ಹೊತ್ತು ಹುಟ್ಟುತ್ತವೆ.

8. ವರ್ಚುವಲ್ ಮಷಿನ್‌ನಲ್ಲಿ ಪರೀಕ್ಷಿಸಿ, ಆದರೆ ಅಲ್ಲಿಗೇ ತೃಪ್ತರಾಗಬೇಡಿ. ರೇಯ್ಡ್ ಕಾರ್ಡಿನ ಡ್ರೈವರ್ ಇಲ್ಲದಿರುವುದು, ನೆಟ್‌ವರ್ಕ್ ಕಾರ್ಡಿನ ಫರ್ಮ್‌ವೇರ್ ತೊಂದರೆ, ಇವೆಲ್ಲ ನಿಜವಾದ ಯಂತ್ರದ ಮೇಲೆಯೇ ಬಯಲಾಗುವುದು. ಪ್ರತಿ ಮಾದರಿಯದೂ ಒಂದೊಂದು ಯಂತ್ರವನ್ನು ಪರೀಕ್ಷೆಗೆಂದೇ ಎತ್ತಿಡಲು ಮೇಲಿನವರನ್ನು ಒಪ್ಪಿಸಿ. ಇನ್‌ಸ್ಟಾಲ್ ಫೈಲ್ ಬದಲಾದಾಗಲೆಲ್ಲ ಅವು ರಾತ್ರಿ ತಾವಾಗಿಯೇ ಹೊಸದಾಗಿ ಇನ್‌ಸ್ಟಾಲ್ ಆಗಲಿ. ಬೆಳಿಗ್ಗೆ ಬಂದವರು ಯಾವ ಮಾದರಿ ಎಲ್ಲಿ ನಿಂತಿದೆ ಎಂದು ಲಾಗ್ ನೋಡಿದರಾಯಿತು.