ಹಗುರವಾದ ಹೊರೆ

ಅಮೆರಿಕದ ಪೂರ್ವಭಾಗದಲ್ಲಿ, ಅಪಲೇಚಿಯನ್ ಪರ್ವತಗಳ ಮೇಲೆ, ಜಾರ್ಜಿಯದಿಂದ ಮೇನ್ ರಾಜ್ಯದವರೆಗೆ ಒಂದು ಕಾಲುಹಾದಿ ಸಾಗಿದೆ. 1954ರಲ್ಲಿ ಎಮ್ಮಾ ಗೇಟ್‌ವುಡ್ ಎಂಬ ವೃದ್ಧೆ ಮೇನ್ ಕಡೆಯಿಂದ ಏಕಾಕಿಯಾಗಿ ಹೊರಟರು. ಆದರೆ ದಾರಿ ತಪ್ಪಿ, ಕನ್ನಡಕ ಒಡೆದು ಹಿಂದಿರುಗಬೇಕಾಯಿತು. ಹನ್ನೊಂದು ಮಕ್ಕಳ ತಾಯಿಯಾದ ಆಕೆ ಅದರಿಂದ ಎದೆಗುಂದಲಿಲ್ಲ. ಮರುವರ್ಷದ ಮೇ ತಿಂಗಳಲ್ಲಿ, ತಮ್ಮ 67ನೆಯ ವಯಸ್ಸಿನಲ್ಲಿ, ಜಾರ್ಜಿಯದಿಂದ ಮತ್ತೆ ನಡೆಯತೊಡಗಿದರು.

ಅವರ ಬಳಿ ಗುಡಾರವಿರಲಿಲ್ಲ. ಬೆಲೆಬಾಳುವ ಸಲಕರಣೆಗಳೂ ಇರಲಿಲ್ಲ. ಡೆನಿಮ್ ಬಟ್ಟೆಯಿಂದ ತಾವೇ ಹೊಲಿದ ಚೀಲವೊಂದು ಹೆಗಲ ಮೇಲಿತ್ತು. ಮಳೆಯಿಂದ ರಕ್ಷಣೆಗೆ ಸ್ನಾನದ ಮನೆಯ ಪ್ಲಾಸ್ಟಿಕ್ ಪರದೆ, ಚಳಿಗೆ ಒಂದು ಕಂಬಳಿ, ಕಾಲಿಗೆ ಸಾಧಾರಣ ಕ್ಯಾನ್‌ವಾಸ್ ಬೂಟು. ಇಡೀ ಹೊರೆ ಸುಮಾರು 9 ಕಿಲೋಗ್ರಾಂ ಒಳಗೇ ಇತ್ತು.

ಏರುದಾರಿಯಲ್ಲಿ ನಡೆಯುವವನು ಹೆಜ್ಜೆಹೆಜ್ಜೆಗೂ ತನ್ನ ದೇಹದೊಡನೆ ಹೊರೆಯನ್ನೂ ಮೇಲಕ್ಕೆತ್ತಬೇಕು. ಆದುದರಿಂದ ಭಾರ ಕಡಿಮೆಯಾದಷ್ಟೂ ಆಯಾಸ ಕಡಿಮೆ. ಆದರೆ ಹಗುರವಾಗಿ ನಡೆಯುವುದೆಂದರೆ ಅಗತ್ಯವಾದುದನ್ನು ತೊರೆಯುವುದಲ್ಲ. ಅಗತ್ಯ ಯಾವುದೆಂಬುದನ್ನು ಅರಿಯುವುದು.

146 ದಿನ ನಡೆದು, ಸುಮಾರು 3,300 ಕಿಲೋಮೀಟರ್ ಕ್ರಮಿಸಿ, 1955ರ ಸೆಪ್ಟೆಂಬರ್ 25ರಂದು ಆಕೆ ಕಟಾಡಿನ್ ಶಿಖರವನ್ನೇರಿದರು. ಈ ಹಾದಿಯನ್ನು ಒಂದೇ ಋತುವಿನಲ್ಲಿ ಒಂಟಿಯಾಗಿ ಪೂರೈಸಿದ ಮೊದಲ ಮಹಿಳೆ ಅವರೇ. ಅವರ ಚೀಲ ಹಗುರವಾಗಿತ್ತು. ಸಂಕಲ್ಪ ಮಾತ್ರ ಪರ್ವತದಂತೆ ಅಚಲವಾಗಿತ್ತು.