ಹಡಗಿಳಿದು ಹವಳ ನೋಡಬೇಕೆನ್ನುವವರಿಗೆ

ಮಗನ ಮನೆಗೋ ಮಗಳ ಮನೆಗೋ ಎಂದು ಅಮೆರಿಕೆಗೆ ಹೋದವರು ನಡುವೆ ಒಂದು ವಾರ ಬಿಡುವು ಮಾಡಿಕೊಂಡು ಕೆರಿಬಿಯನ್ ಸಮುದ್ರದಲ್ಲಿ ಕ್ರೂಸ್ ವಿಹಾರಕ್ಕೆ ಹೊರಡುವುದು ಈಚೆಗೆ ನಮ್ಮವರಲ್ಲಿಯೂ ರೂಢಿಗೆ ಬಂದಿದೆ. ಹಾಗೆ ಹೊರಡಲಿರುವ ಮಿತ್ರರೊಬ್ಬರು, ನಾನು ಆ ಕಡಲಿನಲ್ಲಿ ಸುತ್ತಿ ಬಂದವನೆಂಬುದನ್ನು ನೆನಪಿಟ್ಟುಕೊಂಡು, “ಸ್ನಾರ್ಕ್ಲಿಂಗಿಗೆ ಯಾವ ಹಡಗು ಒಳ್ಳೆಯದು ಹೇಳಿ ಸ್ವಾಮಿ” ಎಂದು ಬರೆದು ಕೇಳಿದ್ದಾರೆ. ಹಡಗಿನ ಮೇಲೆ ಈಜುಕೊಳವೆಷ್ಟು, ನಾಟಕಶಾಲೆ ಎಷ್ಟು ದೊಡ್ಡದು, ರಾತ್ರಿ ಎಷ್ಟು ಹೊತ್ತಿನವರೆಗೆ ಊಟ ಸಿಕ್ಕುತ್ತದೆ ಎಂಬ ವಿವರಗಳೆಲ್ಲ ಕಂಪನಿಗಳವರ ಬಣ್ಣದ ಪುಸ್ತಿಕೆಗಳಲ್ಲಿ ಬೇಕಾದಷ್ಟು ಇರುವುದರಿಂದ ಆ ಗೊಡವೆಗೆ ನಾನು ಹೋಗುವುದಿಲ್ಲ. ಬಾಯಲ್ಲಿ ನಳಿಗೆ ಕಚ್ಚಿ, ಮುಖವನ್ನು ನೀರಿನಲ್ಲಿಟ್ಟು, ಹವಳದ ದಿಬ್ಬದ ಮೇಲೆ ತೇಲುತ್ತ ಅದರ ಸಂಸಾರವನ್ನು ಕಣ್ಣಾರೆ ಕಾಣಬೇಕೆನ್ನುವವರು ಕೇಳತಕ್ಕ ಪ್ರಶ್ನೆಗಳೇ ಬೇರೆ: ಹಡಗು ಯಾವ ಯಾವ ದ್ವೀಪಗಳಲ್ಲಿ ನಿಲ್ಲುತ್ತದೆ, ಎಷ್ಟು ಹೊತ್ತು ನಿಲ್ಲುತ್ತದೆ, ಇಳಿದ ಧಕ್ಕೆಯಿಂದ ಹವಳಕ್ಕೆ ಎಷ್ಟು ದೂರ?

ಈ ಮೂರನೆಯ ಪ್ರಶ್ನೆಯನ್ನು ಕೇಳದೆ ಕೆಟ್ಟವರೇ ಬಹಳ ಮಂದಿ. ಬೆಳಗ್ಗೆ 8ಕ್ಕೆ ಬಂದು ಸಂಜೆ 5ಕ್ಕೆ ಹೊರಡುವ ಹಡಗು ಕಾಗದದ ಮೇಲೆ 9 ಗಂಟೆಗಳ ಅವಕಾಶವನ್ನು ತೋರಿಸುತ್ತದೆಯಾದರೂ, ಬಂದರಿನವರ ಅಪ್ಪಣೆಯಾಗಿ ಜನ ಇಳಿಯುವುದರೊಳಗೆ ಬಿಸಿಲೇರಿರುತ್ತದೆ. ಹೊರಡುವುದಕ್ಕೆ ಅರ್ಧ ಗಂಟೆಯೋ ಒಂದು ಗಂಟೆಯೋ ಮುಂಚೆಯೇ ಎಲ್ಲರೂ ಹತ್ತಿಕೊಂಡಿರಬೇಕು. ಉಳಿದ ಕಾಲದಲ್ಲಿ ಬಸ್ಸಿಗೆ ಕಾದು, ದೋಣಿಗೆ ಕಾದು, ಹಿಂದಿನ ತಂಡದವರು ಕಳಚಿದ ಮಾಸ್ಕು ತಮ್ಮ ಕೈಗೆ ಬರುವವರೆಗೆ ಕಾದು, ಕಡೆಗೆ ನೀರಿನಲ್ಲಿ ಕಳೆಯುವುದು ಮುಕ್ಕಾಲು ಗಂಟೆಯಾದರೆ ಪುಣ್ಯ. ಆದಕಾರಣ ದ್ವೀಪದ ಕೀರ್ತಿಯನ್ನು ನೋಡಬೇಡಿ, ದೂರವನ್ನು ನೋಡಿ.

ಕೆರಿಬಿಯನ್ ಕ್ರೂಸುಗಳು ಸ್ಥೂಲವಾಗಿ ಮೂರು ದಾರಿ ಹಿಡಿಯುತ್ತವೆ. ಪೂರ್ವದ ದಾರಿಯಲ್ಲಿ ಬಹಾಮಾ, ಪೋರ್ಟೊ ರಿಕೊ, ಸೇಂಟ್ ಥಾಮಸ್, ಸೇಂಟ್ ಮಾರ್ಟನ್. ಪಶ್ಚಿಮದಲ್ಲಿ ಮೆಕ್ಸಿಕೋದ ಕೊಸುಮೆಲ್, ಗ್ರ್ಯಾಂಡ್ ಕೇಮನ್, ಬೆಲೀಜ್, ಹೊಂಡುರಾಸಿನ ರೊಆಟಾನ್. ದಕ್ಷಿಣದಲ್ಲಿ, ವೆನೆಜುವೆಲಾದ ಕರಾವಳಿಗೆ ಸಮೀಪವಾಗಿ ಸಾಲುಹಿಡಿದಿರುವ ಅರೂಬಾ, ಕ್ಯುರಸಾವ್, ಬೊನೇರ್ ಎಂಬ ಡಚ್ಚರ ದ್ವೀಪಗಳು. ಪೂರ್ವದ ದಾರಿ ಅಂಗಡಿ ಸುತ್ತುವವರಿಗೆ. ಅದರಲ್ಲಿ ಹವಳದ ಲೆಕ್ಕಕ್ಕೆ ಬರುವುದು ಸೇಂಟ್ ಥಾಮಸಿನ ಪಕ್ಕದ ಸೇಂಟ್ ಜಾನ್ ದ್ವೀಪವೊಂದೇ. 1956ರಲ್ಲಿ ಆದ ರಾಷ್ಟ್ರೀಯ ಉದ್ಯಾನ ಅಲ್ಲಿನ ಬಹುಭಾಗವನ್ನು ವ್ಯಾಪಿಸಿದೆ, ಟ್ರಂಕ್ ಬೇ ಎಂಬಲ್ಲಿ ನೀರಿನಡಿಯಲ್ಲಿ ಫಲಕಗಳನ್ನು ನಟ್ಟು ಕಲಿಯುವವರಿಗೆಂದು ಒಂದು ದಾರಿಯನ್ನೇ ಮಾಡಿದ್ದಾರೆ. ಆದರೆ ಹಡಗಿಳಿದು, ಟ್ಯಾಕ್ಸಿ ಹಿಡಿದು, ಫೆರಿ ದಾಟಿ, ಮತ್ತೆ ಟ್ಯಾಕ್ಸಿ ಹಿಡಿಯಬೇಕು. ಬಹಾಮಾದಲ್ಲಿ ಹಡಗಿನ ಕಂಪನಿಗಳೇ ಇಟ್ಟುಕೊಂಡಿರುವ ಖಾಸಗಿ ದ್ವೀಪಗಳಲ್ಲಿ ಮರಳುಂಟು, ನೆರಳುಂಟು, ಪಾನೀಯವುಂಟು. ನೋಡುವಂಥ ಹವಳ ಅಪರೂಪ.

ನನ್ನ ಸಲಹೆ ಒಂದೇ. ದಕ್ಷಿಣದ ದಾರಿಯನ್ನು ಹಿಡಿಯಿರಿ, ಅದರಲ್ಲಿಯೂ ಬೊನೇರಿನಲ್ಲಿ ಹಗಲೆಲ್ಲ ನಿಲ್ಲುವ ಹಡಗನ್ನೇ ಹುಡುಕಿರಿ. ಪೋರ್ಟೊ ರಿಕೊದ ಸ್ಯಾನ್ ಹ್ವಾನ್ ಬಂದರಿನಿಂದ ಹೊರಡುವ ಒಂದು ವಾರದ ಯಾತ್ರೆಗಳಲ್ಲಿ ಕೆಲವು ಅಲ್ಲಿಗೆ ಹೋಗುತ್ತವೆ. ಫ್ಲಾರಿಡಾದಿಂದಲೇ ಹೊರಡಬೇಕೆಂದರೆ ಸಾಮಾನ್ಯವಾಗಿ ವಾರಕ್ಕಿಂತ ಹೆಚ್ಚು ಕಾಲ ಬೇಕು, ನಡುವೆ ನೆಲ ಕಾಣದ ದಿನಗಳ ಬೇಸರವನ್ನೂ ಸಹಿಸಬೇಕು.

ಬೊನೇರಿನ ರಾಜಧಾನಿಯಾದ ಕ್ರಾಲೆಂಡೈಕಿನಲ್ಲಿ ಹಡಗು ಊರಿನ ಮಗ್ಗುಲಿಗೇ ಬಂದು ನಿಲ್ಲುತ್ತದೆ. ಕೆಳಗೆ ಇಣುಕಿದರೆ ಧಕ್ಕೆಯ ಕಂಬಗಳ ಸುತ್ತ ಮೀನು ಸುಳಿಯುವುದು ಮೇಲಿನಿಂದಲೇ ಕಾಣುತ್ತದೆಂದರೆ ನೀರಿನ ನೈರ್ಮಲ್ಯವನ್ನು ನೀವೇ ಊಹಿಸಬಹುದು. ಅದಕ್ಕೆ ಕಾರಣ ಆ ದ್ವೀಪದ ಬಡತನವೇ: ಮಳೆ ಕಡಿಮೆ, ಕಳ್ಳಿ ಬೆಳೆಯುವ ನೆಲ, ಹೊಳೆ ಒಂದೂ ಇಲ್ಲ, ಹೊಳೆಯಿಲ್ಲದಲ್ಲಿ ಮಣ್ಣು ಕೊಚ್ಚಿಕೊಂಡು ಬಂದು ಕಡಲನ್ನು ಕದಡುವ ಪ್ರಶ್ನೆಯೂ ಇಲ್ಲ. ಮೂಡಣ ಗಾಳಿ ವರ್ಷದ ಬಹುಕಾಲ ಬೀಸುವುದರಿಂದ ಪೂರ್ವದ ತೀರ ಸದಾ ಪ್ರಕ್ಷುಬ್ಧವಾಗಿದ್ದು, ಊರೂ ಧಕ್ಕೆಯೂ ಇರುವ ಪಶ್ಚಿಮ ತೀರ ಗಾಳಿಯ ಮರೆಯಲ್ಲಿ ಶಾಂತವಾಗಿರುತ್ತದೆ. ಇಷ್ಟು ಪ್ರಕೃತಿಯ ಕೊಡುಗೆಯಾದರೆ ಉಳಿದದ್ದು ಜನರ ವಿವೇಕ. ಈಟಿಕೋವಿಯಿಂದ ಮೀನು ಹೊಡೆಯುವುದನ್ನು ಅವರು 1971ರಲ್ಲಿಯೇ ನಿಷೇಧಿಸಿದರು. 1979ರಲ್ಲಿ ದ್ವೀಪದ ಸುತ್ತಲಿನ ಕಡಲನ್ನೆಲ್ಲ, ಉಬ್ಬರದ ಗೆರೆಯಿಂದ 60 ಮೀಟರು ಆಳದವರೆಗೆ, ಸಂರಕ್ಷಿತ ಉದ್ಯಾನವೆಂದು ಸಾರಿದರು. 2010ರಲ್ಲಿ ಗಿಳಿಮೀನು ಹಿಡಿಯುವುದನ್ನೂ ನಿಲ್ಲಿಸಿದರು. ನೀರಿಗಿಳಿಯುವ ಪರಸ್ಥಳದವರು ಒಂದು ಶುಲ್ಕ ತೆರಬೇಕು; ನಾನು ಹೋದಾಗ ಹೆಚ್ಚೇನೂ ಇರಲಿಲ್ಲ, ಈಗ ಏರಿರಬಹುದು; ಎಷ್ಟಾದರೂ ಗೊಣಗದೆ ಕೊಡಿ. ಕೈಗವಸು ತೊಡಬಾರದೆಂಬ ಅಲ್ಲಿನ ನಿಯಮ ನನಗೆ ಬಹಳ ಹಿಡಿಸಿತು: ಬರಿಗೈಯವನು ಹವಳವನ್ನು ಹಿಡಿದುಕೊಳ್ಳಲು ಹಿಂಜರಿಯುತ್ತಾನೆ.

ದಾರಿಯುದ್ದಕ್ಕೂ ಹಳದಿ ಬಣ್ಣ ಬಳಿದು ಹೆಸರು ಬರೆದ ಕಲ್ಲುಗಳು ಕಾಣುತ್ತವೆ. ಆ ಕಲ್ಲಿದ್ದಲ್ಲಿ ನೀರಿಗಿಳಿಯುವ ಜಾಗವೆಂದು ಅರ್ಥ. ದಡದಿಂದ ಸ್ವಲ್ಪ ದೂರ ಮರಳಿನ ತೆಳು ನೀರು; ತರುವಾಯ ಹವಳದ ದಿಬ್ಬದ ಅಂಚು ಇದ್ದಕ್ಕಿದ್ದ ಹಾಗೆ ನೀಲಿಯೊಳಕ್ಕೆ ಇಳಿಯುತ್ತದೆ. ಸ್ನಾರ್ಕ್ಲಿಂಗಿನವರು ಆ ಅಂಚನ್ನು ಹಿಡಿದುಕೊಂಡೇ ಸಾಗಬೇಕು. ಹೆಚ್ಚು ಈಜುವುದಕ್ಕಿಂತ ಒಂದೇ ಕಡೆ ಅಲುಗಾಡದೆ ತೇಲುವವನಿಗೆ ಕಾಣಿಸುವುದೇ ಹೆಚ್ಚು. ನಾನು ಹಾಗೆ ನಿಂತಲ್ಲಿ, ಗಾಳಿಗೆ ಬಾಗುವ ಗಿಡಗಳ ಹಾಗೆ ಓಲಾಡುತ್ತಿದ್ದ ಮೃದು ಹವಳದ ಕಡ್ಡಿಗಳ ನಡುವೆ ಇನ್ನೊಂದು ಕಡ್ಡಿ ತುಸು ತಡವಾಗಿ ಓಲಾಡುತ್ತಿತ್ತು. ದಿಟ್ಟಿಸಿ ನೋಡಿದ ಮೇಲೆ ಅದಕ್ಕೆ ಕಣ್ಣಿರುವುದು ತಿಳಿಯಿತು. ತಲೆ ಕೆಳಗಾಗಿ ನೆಟ್ಟಗೆ ನಿಂತು ಬೇಟೆಗೆ ಹೊಂಚುವ ತುತ್ತೂರಿ ಮೀನು ಅದು. ಅದರ ಆಚೆಗೆ ಹಸುರು, ನೀಲಿ, ಗುಲಾಬಿ ಬಣ್ಣಗಳ ಗಿಳಿಮೀನುಗಳು ಕಲ್ಲನ್ನು ಕಚ್ಚಿ ಕಚ್ಚಿ ಪಾಚಿ ಮೇಯುತ್ತಿದ್ದವು. ಹುರಿಗಡಲೆ ಜಗಿದಂತಹ ಆ ಕಟಕಟ ಸದ್ದು ನೀರಿನಡಿಯಲ್ಲಿ ಸ್ಪಷ್ಟವಾಗಿ ಕೇಳಿಸುತ್ತದೆ. ಹೀಗೆ ನುಂಗಿದ ಕಲ್ಲು ಪುಡಿಯಾಗಿ ಹಿಂದಿನಿಂದ ಮರಳಾಗಿ ಬೀಳುತ್ತದೆ. ದಡದಲ್ಲಿ ಜನ ಚಾಪೆ ಹಾಸಿಕೊಂಡು ಮಲಗುವ ಬಿಳಿಯ ಮರಳಿನಲ್ಲಿ ಬಹಳಷ್ಟು ಈ ಮೀನುಗಳ ವಿಸರ್ಜನೆಯೆಂಬುದನ್ನು ಅವರಿಗೆ ಹೇಳದಿರುವುದೇ ಲೇಸು.

ಬೊನೇರಿಗೆ ಎದುರಾಗಿ, ಒಂದು ಕಿಲೋಮೀಟರಿಗೂ ಕಡಿಮೆ ಅಂತರದಲ್ಲಿ, ಕ್ಲೈನ್ ಬೊನೇರ್ ಎಂಬ ನಿರ್ಜನ ದ್ವೀಪವುಂಟು. ಊರಿನ ಕಟ್ಟೆಯಿಂದಲೇ ಅಲ್ಲಿಗೆ ದೋಣಿಗಳು ಹೋಗುತ್ತವೆ. ದೋಣಿಯವರು ಸೆಳೆತದ ಮೇಲ್ಗಡೆಯಲ್ಲಿ ಇಳಿಸಿದರೆ ಕಾಲು ಆಡಿಸುವ ಶ್ರಮವೂ ಇಲ್ಲದೆ ನೀರೇ ನಿಮ್ಮನ್ನು ದಿಬ್ಬದ ಮೇಲೆ ನಡೆಸಿಕೊಂಡು ಬಂದು ಮರಳದಂಡೆಗೆ ಮುಟ್ಟಿಸುತ್ತದೆ. ಅಲ್ಲಿ ನೆರಳಿಲ್ಲ, ನೀರಿಲ್ಲ, ಅಂಗಡಿಯಿಲ್ಲ. ಕುಡಿಯುವ ನೀರನ್ನು ಒಯ್ಯಿರಿ, ಹಿಂದಿರುಗುವ ಕಡೆಯ ದೋಣಿಯ ಹೊತ್ತನ್ನು ಹತ್ತುವ ಮೊದಲೇ ಕೇಳಿಕೊಳ್ಳಿರಿ. ಟ್ಯಾಕ್ಸಿ ಮಾಡಿಕೊಂಡು ಉತ್ತರಕ್ಕೆ ಹೋಗುವವರಿಗೆ ‘ಸಾವಿರ ಮೆಟ್ಟಿಲು’ ಎಂಬ ಸ್ಥಳವುಂಟು. ಎಣಿಸಿದರೆ ಮೆಟ್ಟಿಲುಗಳು 70ರ ಆಸುಪಾಸು. ಒದ್ದೆ ಸಾಮಾನು ಹೊತ್ತು ನಡುಮಧ್ಯಾಹ್ನ ಮೇಲೇರುವಾಗ ಹೆಸರಿಟ್ಟವರ ಮೇಲೆ ಆಕ್ಷೇಪಣೆ ಉಳಿಯುವುದಿಲ್ಲ. ಮಂಡಿನೋವಿನವರು ಅತ್ತ ಹೋಗಬಾರದು.

ಅದೇ ದಾರಿಯ ಕ್ಯುರಸಾವಿನಲ್ಲಿ ತೆಳು ನೀರಿನಲ್ಲಿ ಮುಳುಗಿರುವ ಚಿಕ್ಕ ಟಗ್ ದೋಣಿಯೊಂದು ಹವಳದ ಹೊದಿಕೆ ಹೊದ್ದು ಕುಳಿತಿದೆ, ನೋಡಬಹುದು. ಅರೂಬಾದಲ್ಲಿ 1940ರ ಮೇ ತಿಂಗಳಲ್ಲಿ ಜರ್ಮನ್ ನಾವಿಕರೇ ಮುಳುಗಿಸಿದ ‘ಆಂಟಿಲ್ಲಾ’ ಎಂಬ ಸರಕುಹಡಗು ಇದೆ. ಅದು ಇತಿಹಾಸದ ಆಸಕ್ತರಿಗೆ, ಹವಳದ ಆಸಕ್ತರಿಗಲ್ಲ.

ದಕ್ಷಿಣದ ದಾರಿ ದೊರೆಯದಿದ್ದರೆ ಪಶ್ಚಿಮ. ಅಲ್ಲಿ ನಾನು ಮೊದಲ ಸ್ಥಾನವನ್ನು ಕೊಡುವುದು ರೊಆಟಾನಿಗೆ. ಅದರ ವೆಸ್ಟ್ ಬೇ ಎಂಬ ಕಡಲತೀರದಲ್ಲಿ ಹತ್ತು ಮಾರು ಈಜಿದರೆ ಹವಳವೇ. ಟ್ಯಾಕ್ಸಿಯವನೊಡನೆ ಹೋಗಿ ಬರುವ ಎರಡಕ್ಕೂ ಸೇರಿಸಿ, ತಲೆಗೆ ಇಷ್ಟೋ ಗಾಡಿಗೆ ಇಷ್ಟೋ ಎಂಬುದನ್ನು ಬಾಯಿಬಿಟ್ಟು ಕೇಳಿ, ಹಿಂದಿರುಗಿದ ಮೇಲೆಯೇ ಹಣ ಕೊಡಿ. ಕೊಸುಮೆಲ್ ದಿಬ್ಬಗಳು ನಿಜಕ್ಕೂ ಭವ್ಯವಾದವು, 1996ರಿಂದ ರಾಷ್ಟ್ರೀಯ ಉದ್ಯಾನವೂ ಹೌದು. ಆದರೆ ಪ್ರಸಿದ್ಧವಾದ ಪಲಂಕಾರಿನ ವೈಭವದಲ್ಲಿ ಬಹುಪಾಲು ಆಳದಲ್ಲಿದ್ದು ಸಿಲಿಂಡರು ಕಟ್ಟಿ ಮುಳುಗುವವರಿಗೆ ಸಲ್ಲುತ್ತದೆ. ಮೇಲೆ ತೇಲುವವರು ದಕ್ಷಿಣದ ಕೊಲಂಬಿಯಾ ದಿಬ್ಬದ ತೆಳು ಭಾಗಕ್ಕೆ ಹೋಗಬೇಕು. ಅಷ್ಟು ದೂರಕ್ಕೆ ದೊಡ್ಡ ದೋಣಿಯವರೆಲ್ಲ ಕರೆದೊಯ್ಯುವುದಿಲ್ಲ.

ಆ ದೊಡ್ಡ ದೋಣಿಗಳ ವಿಚಾರ ಹೇಳದೆ ಬಿಡಲಾರೆ. ಹಡಗಿನ ಮೇಲೆಯೇ ಚೀಟಿ ಮಾಡಿಸಿ ನಾನು ಹತ್ತಿದ ದೋಣಿಯಲ್ಲಿ ಅರವತ್ತು ಜನಕ್ಕೆ ಕಡಿಮೆಯಿರಲಿಲ್ಲ. ಕಿವಿ ಕಿತ್ತುಹೋಗುವ ಸಂಗೀತ, ಪಟ್ಟಿ ಸಡಿಲವಾದ ಮಾಸ್ಕು, ಹಿಂದಿನವರ ಬೆವರಿನಿಂದ ಇನ್ನೂ ಒದ್ದೆಯಾಗಿದ್ದ ತೇಲುಕವಚ. ನೀರಿಗಿಳಿದದ್ದೇ ತಡ, ಮಾರ್ಗದರ್ಶಿಯೆಂಬ ಮಹಾಶಯ ಸೀಟಿ ಊದುತ್ತ ನಮ್ಮನ್ನೆಲ್ಲ ಒಂದು ಗುಂಪಾಗಿ ಅಟ್ಟಿಕೊಂಡು ಹೋದನು. ಎಲ್ಲಿ ನೋಡಿದರೂ ಕಾಲುಗಳು. ಒಬ್ಬರ ರಬ್ಬರು ರೆಕ್ಕೆ ಇನ್ನೊಬ್ಬರ ಮೂಗಿಗೆ. ಕಡಲಾಮೆಯೊಂದು ಕೆಳಗೆ ಹಾದುಹೋದಾಗ ಅದನ್ನು ನೋಡಲು ನಿಂತ ಇಬ್ಬರನ್ನು ಅವನು ಗದರಿಸಿದನು. ಅರ್ಧ ಗಂಟೆಯೊಳಗೆ ಮೇಲೆ ಹತ್ತಿಸಿ, ರಮ್ ಹಂಚಿ, ಬಕ್ಷೀಸಿನ ಡಬ್ಬಿಯನ್ನು ದಡ ಸೇರುವವರೆಗೆ ಮೂರು ಸಲ ಮೂಗಿನ ಮುಂದೆ ಹಿಡಿದನು. ಹಡಗಿನವರ ಮೂಲಕ ಹೋದರೆ ತಡವಾದಾಗ ಹಡಗು ಕಾಯುತ್ತದೆಂಬ ಅನುಕೂಲವೇನೋ ಉಂಟು. ಅದೊಂದಕ್ಕಾಗಿ ಇಷ್ಟನ್ನು ಸಹಿಸಬೇಕಾಗಿಲ್ಲ. ಆರೆಂಟು ಜನರ ಸಣ್ಣ ದೋಣಿಯನ್ನು ಮುಂಚಿತವಾಗಿ ಗೊತ್ತುಮಾಡಿ, ಹಡಗು ಹೊರಡುವುದಕ್ಕೆ ಎರಡು ಗಂಟೆ ಮೊದಲೇ ಮರಳುವ ಕರಾರು ಮಾಡಿಕೊಳ್ಳಿ.

ಗ್ರ್ಯಾಂಡ್ ಕೇಮನ್ನಿನಲ್ಲಿ ಕ್ರೂಸ್ ಹಡಗುಗಳಿಗೆ ಧಕ್ಕೆಯೇ ಇಲ್ಲ. 2025ರ ಜನಮತಗಣನೆಯಲ್ಲಿ ಅಲ್ಲಿಯ ಜನ ಅದು ಬೇಡವೆಂದೂ ಹೇಳಿದ್ದಾರೆ. ಲಂಗರು ಹಾಕಿದ ಹಡಗಿನಿಂದ ಚಿಕ್ಕ ದೋಣಿಗಳಲ್ಲಿ ಇಳಿಯಬೇಕು, ಅಲೆ ಹೆಚ್ಚಾದ ದಿನ ಹಡಗು ನಿಲ್ಲದೆಯೇ ಮುಂದಕ್ಕೆ ಹೋಗುವುದೂ ಉಂಟು. ಎಲ್ಲರೂ ಓಡುವುದು ತೊರಕೆ ಮೀನುಗಳ ದಿಬ್ಬಕ್ಕೆ. ಹಿಂದೆ ಬೆಸ್ತರು ಅಲ್ಲಿ ಮೀನು ಹಸನುಮಾಡಿ ಕಸ ಚೆಲ್ಲುತ್ತಿದ್ದುದರಿಂದ ರೂಢಿಬಿದ್ದ ಆ ಪ್ರಾಣಿಗಳು ಈಗ ಪ್ರವಾಸಿಗಳ ಕೈಯಿಂದ ತಿನ್ನುತ್ತವೆ. ಸೊಂಟದುದ್ದದ ನೀರಿನಲ್ಲಿ ನಿಂತು ಅವನ್ನು ತಬ್ಬಿ ಫೋಟೋ ತೆಗೆಸಿಕೊಳ್ಳುವುದು ನನ್ನ ದೃಷ್ಟಿಯಲ್ಲಿ ಸ್ನಾರ್ಕ್ಲಿಂಗ್ ಅಲ್ಲ. ಇಳಿದಲ್ಲಿಂದ ದಕ್ಷಿಣಕ್ಕೆ ಕಾಲ್ನಡಿಗೆಯಲ್ಲಿ ಈಡನ್ ರಾಕ್ ಎಂಬಲ್ಲಿಗೆ ಹೋಗಿ, ಏಣಿಯಿಂದ ನೀರಿಗಿಳಿದರೆ, ಬಂಡೆಯ ಗವಿಗಳ ಬಾಯಲ್ಲಿ ಆಳೆತ್ತರದ ಬೆಳ್ಳಿ ಬಣ್ಣದ ಟಾರ್ಪನ್ ಮೀನುಗಳು ಗಂಭೀರವಾಗಿ ತಿರುಗುತ್ತಿರುತ್ತವೆ. ಬೆಲೀಜ್ ದಿಬ್ಬ ದೊಡ್ಡದು, ವಿಶ್ವಪರಂಪರೆಯ ಪಟ್ಟಿಯಲ್ಲಿದೆ. ಆದರೆ ಹಡಗು ಮೈಲಿಗಳಾಚೆ ನಿಲ್ಲುತ್ತದೆ. ಅಲ್ಲಿಗೆ ಬೇರೆಯಾಗಿ ಹೋಗಿ ನಾಲ್ಕು ದಿನ ಇರಿ.

ಒಂದು ಮಾತನ್ನು ಮೊದಲೇ ಹೇಳಿಬಿಡುವುದು ನ್ಯಾಯ. ಟೆಲಿವಿಷನ್ನಿನಲ್ಲಿ ನೋಡಿದ ಬಣ್ಣಗಳ ನಿರೀಕ್ಷೆಯಲ್ಲಿ ಹೋಗಬೇಡಿ. 1983–84ರಲ್ಲಿ ಪಾಚಿ ಮೇಯುವ ಕಪ್ಪು ಮುಳ್ಳಿನ ಕಡಲಚೆಂಡುಗಳು (ಸೀ ಅರ್ಚಿನ್) ರೋಗದಿಂದ ಕೆರಿಬಿಯನ್ನಿನಾದ್ಯಂತ ಸತ್ತು, ಮೇಯುವವರಿಲ್ಲದೆ ಪಾಚಿ ಹವಳವನ್ನು ಮುಚ್ಚಿತು. 2023ರ ಬೇಸಗೆಯ ಕಾವಿನಲ್ಲಿ ಬಹಳಷ್ಟು ಹವಳ ಬಿಳಿಚಿತು. ಕಲ್ಲುಹವಳದ ಅಂಗಾಂಶ ಕೊಳೆಯುವ ರೋಗ ಅದೇ ವರ್ಷ ಬೊನೇರಿಗೂ ಬಂತು. ಅಲ್ಲಿನ ದಿಬ್ಬಗಳ ಬಣ್ಣ ಕಂದು, ಸಾಸಿವೆ, ನೇರಳೆ. ಇಷ್ಟಾದರೂ ಮೀನಿನ ಸಮೃದ್ಧಿಯಲ್ಲಿ ಬೊನೇರಿಗೆ ಸಮನಾದದ್ದನ್ನು ನಾನು ಆ ಕಡಲಿನಲ್ಲಿ ಬೇರೆಲ್ಲಿಯೂ ಕಾಣಲಿಲ್ಲ.

ಮಾಸ್ಕನ್ನು ಇಲ್ಲಿಂದಲೇ ಒಯ್ಯಿರಿ. ಪಟ್ಟಿ ಕಟ್ಟದೆ ಮುಖಕ್ಕೊತ್ತಿ ಮೂಗಿನಿಂದ ಉಸಿರೆಳೆದಾಗ ಅದು ತಾನಾಗಿ ಅಂಟಿ ನಿಂತರೆ ಅಳತೆ ಸರಿ. ಮೀಸೆಯವರಿಗೆ ಮೂಗಿನಡಿಯಿಂದ ನೀರು ನುಗ್ಗುತ್ತದೆ. ಮೇಲಂಚನ್ನು ಸ್ವಲ್ಪ ಕತ್ತರಿಸಿಕೊಳ್ಳುವ ತ್ಯಾಗಕ್ಕೆ ಸಿದ್ಧರಾಗಿ. ಹೊಸ ಗಾಜನ್ನು ಟೂತ್‌ಪೇಸ್ಟಿನಿಂದ ತಿಕ್ಕಿ ತೊಳೆದು, ನೀರಿಗಿಳಿಯುವ ಮುನ್ನ ಎಂಜಲು ಸವರಿದರೆ ಮಂಜು ಕವಿಯುವುದಿಲ್ಲ. ಕನ್ನಡಕದವರಿಗೆ ನಂಬರಿನ ಗಾಜು ಸಿಕ್ಕುತ್ತದೆ. ಬೆನ್ನು ಗಂಟೆಗಟ್ಟಲೆ ಸೂರ್ಯನಿಗೆ ತೆರೆದಿರುವುದರಿಂದ ನಮ್ಮ ಮೈಬಣ್ಣದವರೂ ಸುಡುತ್ತಾರೆ. ಉದ್ದ ತೋಳಿನ ಈಜುಡುಪು ಗಂಡಸರು ಹೆಂಗಸರು ಇಬ್ಬರಿಗೂ ಒಳ್ಳೆಯದು, ಮುಲಾಮಿನ ಖರ್ಚೂ ತಪ್ಪುತ್ತದೆ. ಹವಳಕ್ಕೆ ಕೇಡೆಂದು ಕೆಲವು ಬಗೆಯ ಮುಲಾಮುಗಳನ್ನು ಅಮೆರಿಕೆಯ ವರ್ಜಿನ್ ದ್ವೀಪಗಳಲ್ಲಿ 2020ರಿಂದ ನಿಷೇಧಿಸಿದ್ದಾರೆ. ಈಜು ಬಾರದವರು ತೇಲುಕವಚ ತೊಟ್ಟೇ ನೋಡಬಹುದು, ಆದರೆ ನಳಿಗೆಯಲ್ಲಿ ಉಸಿರಾಡುವುದನ್ನು ಹೊರಡುವ ಮೊದಲೇ ಊರಿನ ಈಜುಕೊಳದಲ್ಲಿಯೋ ಮುರುಡೇಶ್ವರದ ಬಳಿಯ ನೇತ್ರಾಣಿಯಲ್ಲಿಯೋ ಅಭ್ಯಾಸಮಾಡಿರಬೇಕು.

ಜೂನಿನಿಂದ ನವೆಂಬರಿನವರೆಗೆ ಚಂಡಮಾರುತದ ಕಾಲ. ದಕ್ಷಿಣದ ಮೂರು ದ್ವೀಪಗಳು ಸಾಮಾನ್ಯವಾಗಿ ಅದರ ಹಾದಿಯ ಹೊರಗಿವೆ; 1999ರ ‘ಲೆನಿ’ ಮಾತ್ರ ತಿರುವುಮುರುವಾಗಿ ಪಶ್ಚಿಮದಿಂದ ಬಂದು ಅಲೆಯೆಬ್ಬಿಸಿ ಬೊನೇರಿನ ದಿಬ್ಬವನ್ನು ಜಖಂಗೊಳಿಸಿತು. ಹಡಗು ಅಮೆರಿಕೆಯನ್ನು ಬಿಟ್ಟು ಮತ್ತೆ ಅಲ್ಲಿಗೇ ಬರುವುದರಿಂದ ನಿಮ್ಮ ವೀಸಾ ಹಲವು ಬಾರಿ ಪ್ರವೇಶಕ್ಕೆ ಅನುಮತಿಸುವಂಥದಾಗಿರಬೇಕು. ಟಿಕೆಟ್ಟಿಗೆ ಮೊದಲು ಅದನ್ನು ನೋಡಿಕೊಳ್ಳಿ. ಹಡಗಿನ ಗಡಿಯಾರವೂ ದ್ವೀಪದ ಗಡಿಯಾರವೂ ಕೆಲವೆಡೆ ಒಂದು ಗಂಟೆ ಹಿಂದುಮುಂದಾಗಿರುತ್ತವೆ, ಮೊಬೈಲು ತಾನಾಗಿಯೇ ದ್ವೀಪದ ಕಾಲಕ್ಕೆ ಬದಲಾಗಿ ಮೋಸಮಾಡುತ್ತದೆ. ಕೈಗಡಿಯಾರವೊಂದನ್ನು ಹಡಗಿನ ಕಾಲಕ್ಕೇ ಇಟ್ಟುಕೊಳ್ಳಿ. ತಡವಾಗಿ ಧಕ್ಕೆಯ ಮೇಲೆ ಓಡಿಬರುವವರಿಗೆ ಮೇಲಿನ ಅಂತಸ್ತುಗಳಿಂದ ಚಪ್ಪಾಳೆ ತಟ್ಟುವುದು ಪ್ರಯಾಣಿಕರ ದಿನನಿತ್ಯದ ವಿನೋದ, ಮತ್ತು ಹಡಗಿನವರು ಆ ಚಪ್ಪಾಳೆ ಮುಗಿಯುವವರೆಗೆ ಕಾಯುವುದಿಲ್ಲ.